ಓಡಿಹೋದ ಆಲ್ಫಾಗೆ ಹಾಳೆಗಳಲ್ಲಿ ಲೆಕ್ಕ ಸಿಕ್ಕಿದ್ದು

ಭಾರೀ ಅಯಾನು ಬಡಿದಾಗ ಎರಡು ನ್ಯೂಕ್ಲಿಯಸ್‌ಗಳು ಬೆರೆತು ಒಂದಾಗುತ್ತವೆ. ಆಮೇಲೆ ನಿಧಾನಕ್ಕೆ ನ್ಯೂಟ್ರಾನ್, ಪ್ರೋಟಾನ್, ಆಲ್ಫಾಗಳನ್ನು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಕೂಡಿದ ಕಣ) ಉಗುಳಿ ತಣ್ಣಗಾಗುತ್ತವೆ. ಪಾಠದಲ್ಲಿ ಓದಿದ್ದು ಇಷ್ಟೇ ಅಲ್ವಾ? ಆದರೆ ಕೆಲವು ಕಣಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. 1961ರಲ್ಲೇ ಬ್ರಿಟ್ ಮತ್ತು ಕ್ವಿಂಟನ್ ಕಾರ್ಬನ್, ನೈಟ್ರೋಜನ್, ಆಕ್ಸಿಜನ್ ಕಿರಣಗಳಲ್ಲಿ ಮುಂದಿಕ್ಕಿಗೇ ಜಾಸ್ತಿ ಹಾರುವ ವೇಗದ ಆಲ್ಫಾಗಳನ್ನು ಕಂಡಿದ್ದರು. ನಾನು ಆ ಆಲ್ಫಾವನ್ನು ಹಿಡಿಯಲು ಹೋಗಲಿಲ್ಲ. ಹಿಂದೆ ಉಳಿದ ನ್ಯೂಕ್ಲಿಯಸ್ ಎಷ್ಟು ದೂರ ಹೋಗಿ ನಿಂತಿತು ಎಂದು ಅಳೆದೆ.

ಕಿರಣ ಕಾರ್ಬನ್-12, ಗುರಿ ಥುಲಿಯಂ-169, ಶಕ್ತಿ ಸುಮಾರು 80 ಎಂಇವಿ (ಒಂದು ಎಂಇವಿ ಅಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್). ಪೂರ್ತಿ ಸಮ್ಮಿಲನವಾದರೆ ಹುಟ್ಟುವ ರೀನಿಯಂ-181ಕ್ಕೆ ಸುಮಾರು 5.3 ಎಂಇವಿ ಚಲನಶಕ್ತಿ ಸಿಗುತ್ತದೆ. ಕಾರ್ಬನ್ ಒಡೆದು ಬೆರಿಲಿಯಂ-8 ಭಾಗ ಮಾತ್ರ ಅಂಟಿಕೊಂಡು ಆಲ್ಫಾ ಓಡಿಹೋದರೆ (ಇದೇ ಅರೆ ಸಮ್ಮಿಲನ), ಸಂವೇಗದಲ್ಲಿ ಮೂರನೇ ಎರಡು ಪಾಲು ಮಾತ್ರ ಕೈಗೆ ಬರುತ್ತದೆ. ಆಗ ಚಲನಶಕ್ತಿ ಬರೀ 2.4 ಎಂಇವಿ. ಅಂಥದ್ದು ಬೇಗ ನಿಲ್ಲುತ್ತದೆ.

ಹಾಗಾಗಿ ಗುರಿಯ ಹಿಂದೆ ತೀರಾ ತೆಳುವಾದ ಅಲ್ಯೂಮಿನಿಯಂ ಹಾಳೆಗಳನ್ನು ಸಾಲಾಗಿ ಇಟ್ಟೆ. ಒಂದೊಂದು ಹಾಳೆಯ ದಪ್ಪವನ್ನೂ ಅಮೆರಿಸಿಯಂ-241ರ 5.486 ಎಂಇವಿ ಆಲ್ಫಾ ಹಾಯಿಸಿ, ಅದು ಕಳೆದುಕೊಂಡ ಶಕ್ತಿಯಿಂದ ಲೆಕ್ಕ ಹಾಕಬೇಕು. ಉಸಿರು ತಾಗಿದರೂ ಹರಿಯುವ ಹಾಳೆಗಳು ಇವು. ಬೇಜಾರಿನ ಕೆಲಸ ನಿಜ, ಆದರೆ ಇಡೀ ಪ್ರಯೋಗದ ನಂಬಿಕೆ ನಿಂತಿರುವುದು ಇಲ್ಲೇ.

ಕಿರಣ ನಿಲ್ಲಿಸಿದ ಮೇಲೆ ಹಾಳೆಗಳನ್ನು ಒಂದೊಂದಾಗಿ ಜರ್ಮೇನಿಯಂ ಡಿಟೆಕ್ಟರ್ ಮುಂದೆ ಇಟ್ಟು ಗಾಮಾ ಎಣಿಸಿದೆ. ನನಗೆ ಬೇಕಿದ್ದದ್ದು ಒಂದು ಆಲ್ಫಾ, ಮೂರು ನ್ಯೂಟ್ರಾನ್ ಹೋದ ಮೇಲೆ ಉಳಿಯುವ ಟ್ಯಾಂಟಲಂ-174, ಅದರ ಗಾಮಾ ಗೆರೆ 206.5 ಕೆಇವಿ (ಎಂಇವಿಯ ಸಾವಿರದ ಒಂದು ಪಾಲು ಕೆಇವಿ). ತೊಂದರೆ ಏನೆಂದರೆ ಟ್ಯಾಂಟಲಂ-175 ಕೂಡ ಅದೇ ಹಾಳೆಗಳಲ್ಲಿ ಇರುತ್ತದೆ, ಅದರ ಗೆರೆ 207.4. ಡಿಟೆಕ್ಟರ್‌ಗೆ ಇವೆರಡೂ ಒಂದೇ ಗುಡ್ಡ. ಬಿಡಿಸಲು ಅರ್ಧಾಯುವೇ (ಅರ್ಧದಷ್ಟು ಕರಗಲು ಬೇಕಾದ ಸಮಯ) ದಾರಿ: ಮೊದಲನೆಯದಕ್ಕೆ ಸುಮಾರು 1.1 ಗಂಟೆ, ಎರಡನೆಯದಕ್ಕೆ 10.5 ಗಂಟೆ. ಒಂದೇ ಹಾಳೆಯನ್ನು ಮತ್ತೆ ಮತ್ತೆ ಎಣಿಸಿದರೆ ಮೊದಲು ಕಡಿದಾಗಿ ಇಳಿದು, ಆಮೇಲೆ ಮಂದವಾಗುವ ರೇಖೆ ಬರುತ್ತದೆ. ಮಂದ ಭಾಗವನ್ನು ಹಿಂದಕ್ಕೆ ಎಳೆದು ಕಳೆದರೆ ಉಳಿಯುವುದು 174. ಅದಕ್ಕೇ ಮೊದಲ ಸುತ್ತಿನಲ್ಲಿ ಪ್ರತಿ ಹಾಳೆಗೂ ಕೆಲವೇ ನಿಮಿಷ ಕೊಟ್ಟೆ, ಸಾವಕಾಶ ಎಣಿಕೆ ರಾತ್ರಿಗೆ.

ಎಷ್ಟು ಆಳದಲ್ಲಿ ಎಷ್ಟು ಎಣಿಕೆ ಎಂದು ನಕ್ಷೆ ಹಾಕಿದಾಗ ಎರಡು ಉಬ್ಬು ಬಂದವು. ಆಳದ್ದು ಪೂರ್ತಿ ಸಮ್ಮಿಲನ, ಮೇಲಿನದು ಅರೆ ಸಮ್ಮಿಲನ. ಬಿಸಿ ನ್ಯೂಕ್ಲಿಯಸ್ ಆಮೇಲೆ ಆಲ್ಫಾ ಉಗುಳಿದರೂ ಹೀಗೇ ಆಗಬಹುದಲ್ಲ ಎಂದು ಕೇಳುತ್ತಾರೆ. ಆಗುವುದಿಲ್ಲ. ಆ ಆಲ್ಫಾಗಳು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹೋಗುತ್ತವೆ. ಉಬ್ಬು ಅಗಲವಾಗುತ್ತದೆ, ನಡು ಜಾಗ ಬಿಡುವುದಿಲ್ಲ.

ಪ್ರಮಾಣ ತಿಳಿಯಲು ಪೇಸ್-4 ಎಂಬ ಕಂಪ್ಯೂಟರ್ ಲೆಕ್ಕಕ್ಕೆ ಹೋದೆ. ಅದರಲ್ಲಿ ಅರೆ ಸಮ್ಮಿಲನ ಇಲ್ಲವೇ ಇಲ್ಲ, ನನಗೆ ಅದೇ ಅನುಕೂಲ. ಬರೀ ನ್ಯೂಟ್ರಾನ್ ಹೊರಬರುವ ದಾರಿಗಳಿಗೆ, ಅಂದರೆ ಅಂಥ ಚಾನೆಲ್‌ಗಳಿಗೆ ಹೊಂದುವಂತೆ ಲೆವೆಲ್ ಡೆನ್ಸಿಟಿ ಪ್ಯಾರಾಮೀಟರ್ (ನ್ಯೂಕ್ಲಿಯಸ್‌ನ ಶಕ್ತಿಮಟ್ಟಗಳು ಎಷ್ಟು ಒತ್ತಾಗಿವೆ ಎಂಬ ಸಂಖ್ಯೆ) ಒಮ್ಮೆ ನಿಗದಿ ಮಾಡಿ, ಆಮೇಲೆ ಮುಟ್ಟಬಾರದು. ಆಲ್ಫಾ ಚಾನೆಲ್‌ನಲ್ಲಿ ಲೆಕ್ಕಕ್ಕಿಂತ ಜಾಸ್ತಿ ಬಂದದ್ದೇ ಅರೆ ಸಮ್ಮಿಲನದ ಪಾಲು. ಪ್ರತಿ ಚಾನೆಲ್‌ಗೂ ಆ ಪ್ಯಾರಾಮೀಟರ್ ತಿರುಚುತ್ತಾ ಹೋದರೆ ಎಲ್ಲವೂ ಚೆನ್ನಾಗಿ ಹೊಂದುತ್ತದೆ, ಸುಮ್ನೆ ಕಣ್ಣಿಗೆ ಖುಷಿ ಅಷ್ಟೇ.

ಶಕ್ತಿ ಇಡೀ ನ್ಯೂಕ್ಲಿಯಸ್‌ಗೆ ಹಂಚಿ ಸಮತೋಲ ಬರುವ ಮುಂಚೆಯೇ ಹಾರುವ ನ್ಯೂಟ್ರಾನ್‌ಗಳು ಇನ್ನೂ ಸೂಕ್ಷ್ಮ. ಗ್ರಿಫಿನ್ 1966ರಲ್ಲಿ ಎಕ್ಸಿಟಾನ್ ಮಾದರಿ ಕೊಟ್ಟಿದ್ದು ಇಂಥ ಕಣಗಳಿಗೇ. ಈ ಶಕ್ತಿಯಲ್ಲಿ ಅವು ಕಡಿಮೆ. 15 ಎಂಇವಿ ನ್ಯೂಟ್ರಾನ್ ನೇರ ಮುಂದಕ್ಕೆ ಹೋದರೆ ಕಿರಣದ ಸಂವೇಗದ ಎಂಟನೇ ಒಂದು ಪಾಲು ಒಯ್ಯುತ್ತದೆ. ಬೇರೆ ಉಬ್ಬು ಬರುವುದಿಲ್ಲ, ಇದ್ದ ಉಬ್ಬೇ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಹಾಳೆಯ ದಪ್ಪದಲ್ಲಿ ಅನುಮಾನ ಇದ್ದರೆ ಆ ಸರಿದಾಟವನ್ನು ನಂಬುವ ಹಾಗಿಲ್ಲ. ಮುಂದಿನ ಸಾಲಿಗೆ ಆ ಆಳದ ಹಾಳೆಗಳನ್ನು ಇನ್ನೂ ತೆಳ್ಳಗೆ ಮಾಡುತ್ತಿದ್ದೇನೆ.