ನೆತ್ತಿಗೆ ಹತ್ತದ ಹಾಗೆ ಉಣಿಸುವುದು: ನನ್ನ ಅನುಭವ

ಪಾರ್ಶ್ವವಾಯು ಆದವರ ಮನೆಯವರು ಮಂಡ್ಯ ಕಡೆ ಮೊದಲು ಕೇಳುವುದು 'ಮುದ್ದೆ ಯಾವಾಗ ಕೊಡಬಹುದು?' ಅಂತ. ನನಗೆ ಮೊದಲ ಭಯ ನೀರಿನದು. ನಾಲಿಗೆಯ ಹಿಡಿತ ಸಡಿಲವಾದಾಗ ನೀರು ನುಂಗುವ ಮೊದಲೇ ಗಂಟಲಿಗೆ ಹರಿದಿರುತ್ತದೆ. ಆಗಿನ್ನೂ ಶ್ವಾಸನಾಳದ ಬಾಯಿ ತೆರೆದೇ ಇರುತ್ತದೆ. ಮುದ್ದೆಯದು ಬೇರೆ ತಕರಾರು: ಅಂಟಿಕೊಂಡು ಗಂಟಲಲ್ಲೇ ಉಳಿದು, ಆಮೇಲೆ ಜಾರುತ್ತದೆ.

ಶ್ವಾಸನಾಳದ ಬಾಯಿಗೆ ಎಪಿಗ್ಲಾಟಿಸ್ (ನಾಲಿಗೆಯ ಬುಡದ ಹಿಂದಿರುವ ಎಲೆಯಂಥ ಮೃದ್ವಸ್ಥಿ) ಒಂದೇ ಮುಚ್ಚಳ ಅಂದುಕೊಂಡವರು ಬಹಳ ಮಂದಿ. ನುಂಗುವಾಗ ಉಸಿರು ಅರ್ಧದಿಂದ ಒಂದು ಸೆಕೆಂಡು ನಿಲ್ಲುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಮೇಲಿನ ಮಡಿಕೆಗಳೂ ಬಿಗಿಯುತ್ತವೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ನಾಲಿಗೆಯ ಬುಡದಡಿ ಸೇರುತ್ತದೆ. ಆ ಎಳೆತಕ್ಕೇ ಅನ್ನನಾಳದ ಬಾಯಿಯೂ ತೆರೆಯುತ್ತದೆ.

ಈ ಏರಿಕೆಯನ್ನು ಬೆರಳಲ್ಲಿ ನೋಡುತ್ತೇನೆ. ತೋರುಬೆರಳು ಗದ್ದದಡಿ, ನಡುಬೆರಳು ನಾಲಿಗೆಯ ಬುಡದ ಹಯಾಯ್ಡ್ ಮೂಳೆಯ ಮೇಲೆ, ಉಳಿದೆರಡು ಗಂಟಲಲ್ಲಿ ಉಬ್ಬಿ ಕಾಣುವ ಮೃದ್ವಸ್ಥಿಯ ಮೇಲಂಚಿಗೂ ಕೆಳಂಚಿಗೂ. ಒತ್ತಬಾರದು, ಒತ್ತಿದರೆ ಏರುವುದನ್ನು ನಾವೇ ತಡೆದಂತೆ. 5 ಮಿ.ಲೀ. ಕೊಟ್ಟು, ನುಂಗಿದ ಮೇಲೆ 'ಆ' ಅನ್ನಿಸುತ್ತೇನೆ. ದನಿ ಗೊರಗೊರ ಅಂದರೆ ತಂತುಗಳ ಹತ್ತಿರ ಏನೋ ನಿಂತಿದೆ. ಕೆಮ್ಮಲಿಲ್ಲ ಅಂದ ಮಾತ್ರಕ್ಕೆ ಸರಿಯಾಗಿ ಇಳಿಯಿತು ಅಂತಲ್ಲ. ಸ್ಪರ್ಶ ಮಂದವಾದ ಗಂಟಲು ಕೆಮ್ಮುವುದೇ ಇಲ್ಲ. ಅನುಮಾನ ಬಂದರೆ ಎಕ್ಸ್‌ರೇ ವಿಡಿಯೋ ಅಥವಾ ಎಂಡೋಸ್ಕೋಪಿ ಆಗಲೇಬೇಕು.

ಮಂದ ಪಾನೀಯ ಕೊಡಿ ಎಂದು ಪರೀಕ್ಷೆಯಲ್ಲಿ ತೀರ್ಮಾನವಾದರೆ ಮನೆಯ ರಾಗಿ ಅಂಬಲಿಯೇ ಸಾಕು. ಸೋಸಿ, ಉಣಿಸುವ ಬಿಸಿಯಲ್ಲೇ ಅಳೆಯಬೇಕು, ಆರಿದರೆ ಗಟ್ಟಿಯಾಗುತ್ತದೆ. ಸೂಜಿಯೂ ಒಳಗಿನ ದಂಡವೂ ಇಲ್ಲದ 10 ಮಿ.ಲೀ. ಸಿರಿಂಜಿನ ತುದಿಗೆ ಬೆರಳಿಟ್ಟು 10ರ ಗೆರೆಯವರೆಗೆ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಬಿಟ್ಟು ಮತ್ತೆ ಮುಚ್ಚಿ. ಪಾನೀಯದ ಮಂದತೆಗೆ ಇರುವ IDDSI ಎಂಬ ಅಂತರರಾಷ್ಟ್ರೀಯ ಅಳತೆಯಲ್ಲಿ, 4ರಿಂದ 8 ಮಿ.ಲೀ. ಉಳಿದರೆ ಎರಡನೇ ಮಟ್ಟ, 8 ದಾಟಿದರೆ ಮೂರನೇದು. ಸಿರಿಂಜಿನ 0–10ರ ಗೆರೆ 61.5 ಮಿ.ಮೀ. ಉದ್ದ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಎಂಜಲು ಚಮಚ ಮತ್ತೆ ಬಟ್ಟಲಿಗೆ ಅದ್ದಬೇಡಿ: ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅಂಬಲಿಯ ಪಿಷ್ಟವನ್ನು ಒಡೆದು, ಅರ್ಧ ಊಟಕ್ಕೇ ಅಂಬಲಿ ನೀರಾಗುತ್ತದೆ. 'ಮೊದಲು ಚೆನ್ನಾಗಿ ಹೋಗ್ತಿತ್ತು, ಆಮೇಲೆ ಕೆಮ್ಮು' ಅನ್ನುವ ದೂರಿಗೆ ಎಷ್ಟೋ ಸಲ ಕಾರಣ ಇದೇ.

ನೆತ್ತಿಗೆ ಹತ್ತಿದಾಗ 'ಯಾರೋ ನೆನೆಸ್ಕೊಂಡ್ರು' ಅಂತ ತಲೆ ತಟ್ಟಿ ನೀರು ಕುಡಿಸುತ್ತಾರೆ. ಆ ನೀರೂ ಅಲ್ಲಿಗೇ ಹೋಗಬಹುದು. ಮುಂದಕ್ಕೆ ಬಾಗಿಸಿ ಕೆಮ್ಮಲು ಬಿಡಿ. ಕೆಮ್ಮೂ ದನಿಯೂ ನಿಂತರೆ ಮಾತ್ರ ಬೆನ್ನಿಗೆ ಬಲವಾಗಿ ಗುದ್ದುವುದು, ಆಂಬುಲೆನ್ಸಿಗೆ 108.

ಊಟವಾದ ಮೇಲೆ 30 ನಿಮಿಷ ನೆಟ್ಟಗೆ ಕೂರಿಸಿ. ಮಲಗಿಸುವ ಮುಂಚೆ ಸ್ವಾಧೀನ ತಪ್ಪಿದ ಕಡೆಯ ಕೆನ್ನೆಯೊಳಗೆ ಬೆರಳಾಡಿಸಿ ನೋಡಿ, ಒಂದು ತುತ್ತು ಅಲ್ಲೇ ಕೂತಿರುತ್ತದೆ.