ಕ್ರೂಸ್‌ನಲ್ಲಿ ಸಂಜೆ ಏನು ಉಡೋದು?

ಮೊದಲು ಕಂಪನಿ ನೋಡಿ, ಆಮೇಲೆ ಬಟ್ಟೆ. ನಾರ್ವೇಜಿಯನ್ ಕ್ರೂಸ್ ಲೈನ್ ಕಂಪನಿಯ ಹಡಗುಗಳಲ್ಲಿ ಕಡ್ಡಾಯ ಫಾರ್ಮಲ್ ನೈಟ್ (ಎಲ್ಲರೂ ಸೂಟು-ಗೌನಿನಂಥ ಬಟ್ಟೆ ಹಾಕುವ ರಾತ್ರಿ) ಇಲ್ಲ. ಕ್ಯೂನಾರ್ಡ್‌ನ ಕ್ವೀನ್ ಮೇರಿ 2ರಲ್ಲಿ ಸಂಜೆ 6ರಿಂದಲೇ ನೀಟಾಗಿರಬೇಕು, ಗಾಲಾ ಸಂಜೆಗಳಲ್ಲಿ (ಅಲ್ಲಿನ ಫಾರ್ಮಲ್ ನೈಟ್) ಟಕ್ಸಿಡೊ (ಬೋ ಟೈ ಜೊತೆ ಹಾಕುವ ಕಪ್ಪು ಸೂಟ್) ಅಥವಾ ಗಾಢ ಬಣ್ಣದ ಸೂಟ್. ರಾಯಲ್ ಕೆರಿಬಿಯನ್ ನಡುವಿನದು: 7 ರಾತ್ರಿಗೆ ಸಾಮಾನ್ಯವಾಗಿ 2 ಫಾರ್ಮಲ್, ಹೆಚ್ಚಾಗಿ ಹಡಗು ಬಂದರಿಗೆ ಹೋಗದ ದಿನ.

ಇದಕ್ಕೇ ಅಂತ ಸೂಟ್ ಹೊಲಿಸಬೇಡಿ. ಗಂಡಸರಿಗೆ ಕಪ್ಪು ಬಂದ್‌ಗಲಾ ಸಾಕು, ಹೆಂಗಸರಿಗೆ ರೇಷ್ಮೆ ಸೀರೆ ಧಾರಾಳ. ಆದರೆ ಭಾರಿ ಜರಿಯ ಕಂಚಿ ಬೇಡ. ಸುಕ್ಕಾದರೆ ಕ್ಯಾಬಿನ್ನಲ್ಲಿ ಏನೂ ಮಾಡೋಕಾಗಲ್ಲ. ಬೆಂಕಿಯ ಭಯಕ್ಕೆ ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಎರಡನ್ನೂ ಹತ್ತುವಾಗಲೇ ತೆಗೆದಿಟ್ಟುಕೊಳ್ತಾರೆ. ಮೈಸೂರು ಸಿಲ್ಕ್ ಕ್ರೇಪ್ ಒಯ್ದು, ಹಿಂದಿನ ರಾತ್ರಿಯೇ ಹ್ಯಾಂಗರ್‌ಗೆ ಹಾಕಿ. ಹೀಲ್ಸ್ ದಪ್ಪಗಿರಲಿ, ಹಡಗು ಓಲಾಡುತ್ತೆ. ಡೈನಿಂಗ್ ರೂಮಿನ ಏಸಿಗೆ ಒಂದು ಶಾಲು.

ಮೊದಲ ಸಂಜೆಯ ಬಟ್ಟೆ ಕೈಚೀಲದಲ್ಲೇ ಇರಲಿ. ಹತ್ತುವಾಗ ಸಿಬ್ಬಂದಿಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವಷ್ಟರಲ್ಲಿ ಎಷ್ಟೋ ಸಲ ಊಟದ ಹೊತ್ತು ಮೀರಿರುತ್ತೆ, ಚಡ್ಡಿ-ಚಪ್ಪಲಿಯಲ್ಲಿ ಹೋದರೆ ಹಲವು ಹಡಗುಗಳಲ್ಲಿ ಮುಖ್ಯ ಡೈನಿಂಗ್ ರೂಮಿಗೆ ಬಿಡಲ್ಲ.

ಇದೆಲ್ಲ ರಗಳೆ ಅನಿಸಿದರೆ ಫಾರ್ಮಲ್ ರಾತ್ರಿ ಬಫೆಗೆ ಹೋಗಿ. ಅಲ್ಲಿ ಸಾದಾ ಪ್ಯಾಂಟು-ಷರ್ಟು ನಡೆಯುತ್ತೆ, ಅದಕ್ಕೆ ಬೇರೆ ದುಡ್ಡೂ ಇಲ್ಲ.