ಹರಾಜಿಗೆ ಆರು ದಿನ ಇದ್ದಾಗ: ಮನೆ, ಕಾರು ಉಳಿಸಿಕೊಂಡ ನನ್ನ ಅನುಭವ

ಟೆಕ್ಸಾಸ್‌ನಲ್ಲಿ ಸಾಲ ಕಟ್ಟದ ಮನೆಗಳ ಹರಾಜು ತಿಂಗಳ ಮೊದಲ ಮಂಗಳವಾರ ನಡೆಯುತ್ತದೆ. ಸಾಮಾನ್ಯ ಗೃಹಸಾಲವಾದರೆ ಕೋರ್ಟಿನಲ್ಲಿ ವಿಚಾರಣೆಯೂ ಇರುವುದಿಲ್ಲ. ಹರಾಜಿಗೆ ಕನಿಷ್ಠ 21 ದಿನ ಮುಂಚೆ ನೋಟಿಸ್ ಕೊಡಬೇಕು. ನಮಗೆ ಆ ನೋಟಿಸ್ ಬಂದಾಗ ಏಳು ಕಂತು ಬಾಕಿ ಇತ್ತು. ಕೆಲಸ ಹೋಗಿ, ಕೊನೆಗೂ ಹೊಸ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. ಈ ತಿಂಗಳ ಕಂತು ಕಟ್ಟಬಲ್ಲೆ, ಆದರೆ ಹಳೆಯ ಏಳು ಕಂತನ್ನು ಒಂದೇ ಸಲ ಎಲ್ಲಿಂದ ತರಲಿ? ಕೊನೆಗೆ ದಿವಾಳಿ (ಬ್ಯಾಂಕ್ರಪ್ಸಿ) ಅರ್ಜಿ ಹಾಕಿ ಉಳಿಸಿಕೊಂಡೆವು.

ಲಾಯರ್ ಹತ್ತಿರ ಹೋದಾಗ ಹರಾಜಿಗೆ ಒಂಬತ್ತು ದಿನ ಉಳಿದಿತ್ತು. ‘ಟೆಕ್ಸಾಸ್‌ನಲ್ಲಿ ವಾಸದ ಮನೆಯನ್ನು ಯಾರೂ ಮುಟ್ಟುವ ಹಾಗಿಲ್ಲ’ ಅಂತ ಸ್ನೇಹಿತರು ಹೇಳಿದ್ದನ್ನು ನಂಬಿ ಅಷ್ಟು ದಿನ ಸುಮ್ನೆ ಕೂತಿದ್ದೆ. ಅದು ಅರ್ಧ ನಿಜ. ನಗರದಲ್ಲಿ 10 ಎಕರೆವರೆಗಿನ ವಾಸದ ಮನೆಯನ್ನು, ಅದರ ಬೆಲೆ ಎಷ್ಟೇ ಇರಲಿ, ಕ್ರೆಡಿಟ್ ಕಾರ್ಡ್‌ನವರು ಮುಟ್ಟಲಾರರು. (ದಿವಾಳಿ ಅರ್ಜಿ ಹಾಕುವ ಹೊತ್ತಿಗೆ ಮನೆ ಕೊಂಡು 1,215 ದಿನ ಆಗಿರದಿದ್ದರೆ ಇದಕ್ಕೂ ಮಿತಿ ಇದೆ, ಲಾಯರ್‌ಗೆ ಖರೀದಿ ತಾರೀಖು ಮೊದಲೇ ಹೇಳಿ.) ಆದರೆ ಆ ಮನೆ ಕೊಳ್ಳಲೆಂದೇ ಸಾಲ ಕೊಟ್ಟವರಿಗೆ ಈ ತಡೆ ಇಲ್ಲ. ಮನೆಯಲ್ಲಿ ನನ್ನ ಪಾಲು (ಸಾಲ ಕಳೆದು ಉಳಿಯುವ ಬೆಲೆ) ಎಷ್ಟು ಸುರಕ್ಷಿತ ಎನ್ನುವುದು ಒಂದು ಪ್ರಶ್ನೆ. ಸಾಲದ ಕಂತು ಕಟ್ಟಲು ನನ್ನಿಂದ ಆಗುತ್ತದಾ ಎನ್ನುವುದು ಬೇರೆಯೇ ಪ್ರಶ್ನೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ದಿವಾಳಿ ಕಾನೂನಿನಲ್ಲಿ ನನ್ನ ಮುಂದೆ ಎರಡು ದಾರಿ ಇತ್ತು, ಚಾಪ್ಟರ್ 7 ಮತ್ತು ಚಾಪ್ಟರ್ 13. ಚಾಪ್ಟರ್ 7 ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಕಾರ್ಡ್ ಸಾಲವೂ ಹೋಗುತ್ತದೆ. ಆದರೆ ಬಾಕಿ ಕಂತುಗಳನ್ನು ಹರಡಿ ಕಟ್ಟುವ ದಾರಿ ಅದರಲ್ಲಿಲ್ಲ. ಹರಾಜು ಸ್ವಲ್ಪ ದಿನ ಮುಂದೆ ಹೋಗುತ್ತಿತ್ತು, ಅಷ್ಟೇ. ಚಾಪ್ಟರ್ 13ರಲ್ಲಿ ಹಳೆಯ ಬಾಕಿಯನ್ನು ಐದು ವರ್ಷದವರೆಗೆ ಹಂಚಬಹುದು, ಈ ಕಂತುಗಳ ಯೋಜನೆಗೆ ‘ಪ್ಲಾನ್’ ಅನ್ನುತ್ತಾರೆ. ಅದರ ಜೊತೆಗೆ ಪ್ರತಿ ತಿಂಗಳ ಹೊಸ ಕಂತನ್ನೂ ತಪ್ಪದೆ ಕಟ್ಟಬೇಕು. ನನಗೆ ಸಂಬಳ ಶುರುವಾಗಿತ್ತಲ್ವಾ, ಆದ್ದರಿಂದ ಅದನ್ನೇ ಆರಿಸಿಕೊಂಡೆ. ಸಿಟಿಜನ್ ಅಲ್ಲದವರು ಅರ್ಜಿ ಹಾಕಬಹುದಾ ಎಂಬ ಭಯ ನನಗಿತ್ತು. ಹಾಕಬಹುದು. ಪೌರತ್ವ ಇರಲೇಬೇಕು ಎಂಬ ನಿಯಮ ಇಲ್ಲ.

ಅರ್ಜಿಗೆ ಮುಂಚೆ ಕ್ರೆಡಿಟ್ ಕೌನ್ಸೆಲಿಂಗ್ (ಸಾಲದ ಬಗ್ಗೆ ಸಲಹೆ ಪಡೆಯುವುದು) ಕಡ್ಡಾಯ. ಆನ್‌ಲೈನ್‌ನಲ್ಲಿ ಆಗುತ್ತದೆ, ಆದರೆ ಸರ್ಟಿಫಿಕೇಟ್ ಇಲ್ಲದೆ ಹೋದರೆ ಕೇಸೇ ಬಿದ್ದುಹೋಗಬಹುದು. ಹಿಂದಿನ 60 ದಿನದ ಸಂಬಳದ ಚೀಟಿ, ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಎರಡು ರಾತ್ರಿ ಕೂತು ಹುಡುಕಿದೆವು. ಹರಾಜಿಗೆ ಆರು ದಿನ ಇದ್ದಾಗ, ಬುಧವಾರ, ಅರ್ಜಿ ಬಿತ್ತು. ಅರ್ಜಿ ಬಿದ್ದ ಕ್ಷಣದಿಂದಲೇ ಹರಾಜಿಗೂ ಸಾಲ ವಸೂಲಿಗೂ ತಡೆ ಜಾರಿಗೆ ಬರುತ್ತದೆ. ಸಾಲದವರ ಫೋನ್‌ಗಳೂ ನಿಂತವು. ಎಷ್ಟೋ ತಿಂಗಳ ಮೇಲೆ ನನ್ನ ಹೆಂಡತಿ ಆ ರಾತ್ರಿ ಪೂರ್ತಿ ನಿದ್ದೆ ಮಾಡಿದಳು.

ಕಾರಿನ ವಿಷಯದಲ್ಲಿ ನನಗೆ ಗೊತ್ತೇ ಇರದ ಅನುಕೂಲ ಸಿಕ್ಕಿತು. ಸಾಲ ಮಾಡಿ ಕೊಂಡ ಸ್ವಂತ ಬಳಕೆಯ ಕಾರಿಗೆ 910 ದಿನ ದಾಟಿದ್ದರೆ, ಚಾಪ್ಟರ್ 13ರಲ್ಲಿ ಕಾರಿನ ಈಗಿನ ಬೆಲೆಯಷ್ಟನ್ನು ಮಾತ್ರ ಬಡ್ಡಿ ಸಮೇತ ಪೂರ್ತಿ ಕಟ್ಟಿದರೆ ಸಾಕು. ನಮ್ಮದು ಮೂರು ವರ್ಷ ದಾಟಿತ್ತು. ಸಾಲ 17,000 ಡಾಲರ್, ಕಾರಿನ ಬೆಲೆ 11,000. ಉಳಿದ 6,000 ಕಾರ್ಡ್ ಸಾಲದ ಗುಂಪಿಗೆ ಸೇರಿತು. ಆ ಗುಂಪಿಗೆ ನಮ್ಮ ಪ್ಲಾನ್‌ನಲ್ಲಿ ಸಿಗುತ್ತಿರುವುದು ತೀರಾ ಕಡಿಮೆ. ಕಾರಿನ ಇನ್ಶೂರೆನ್ಸ್ ಮಾತ್ರ ಒಂದು ದಿನವೂ ತಪ್ಪಬಾರದು. ತಪ್ಪಿದರೆ ಸಾಲದವರು ಕಾರು ತೆಗೆದುಕೊಳ್ಳಲು ಕೋರ್ಟಿನ ಅನುಮತಿ ಕೇಳುತ್ತಾರೆ.

ಎರಡು ತಪ್ಪು ಮಾಡಿದ್ದೆ, ಇಂದಿಗೂ ನೋವಾಗುತ್ತದೆ. ಕಾರ್ಡ್ ಬಿಲ್ ಕಟ್ಟಲು 401ಕೆ (ಕೆಲಸದ ಮೂಲಕ ನಿವೃತ್ತಿಗೆಂದು ಕೂಡಿಡುವ) ಉಳಿತಾಯ ಒಡೆದಿದ್ದೆ. ದಿವಾಳಿಯಲ್ಲಿ ಆ ಹಣವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ! ತಮ್ಮನಿಂದ ಪಡೆದ ಕೈಸಾಲವನ್ನು ಅರ್ಜಿಗೆ ನಾಲ್ಕು ತಿಂಗಳು ಮುಂಚೆ ತೀರಿಸಿದ್ದೆ. ಬಂಧುಗಳಿಗೆ ಹಿಂದಿನ ಒಂದು ವರ್ಷದಲ್ಲಿ ಕಟ್ಟಿದ ಹಣವನ್ನು ಟ್ರಸ್ಟಿ (ದಿವಾಳಿ ಕೇಸು ನೋಡಿಕೊಳ್ಳಲು ನೇಮಕವಾದವರು) ವಾಪಸ್ ಕೇಳಬಹುದು. ಸುಮಾರು ಒಂದು ತಿಂಗಳ ನಂತರ ನಡೆದ ಮೀಟಿಂಗ್‌ನಲ್ಲಿ, ಪ್ರಮಾಣ ಮಾಡಿಸಿದ ಮೇಲೆ, ಟ್ರಸ್ಟಿ ಅದನ್ನೇ ಕೇಳಿದರು. ಮುಚ್ಚಿಡದೆ ಅರ್ಜಿಯಲ್ಲೇ ಬರೆದಿದ್ದೆವು. ಆ ಮೊತ್ತವನ್ನು ನಮ್ಮ ಪ್ಲಾನ್ ಲೆಕ್ಕಕ್ಕೆ ಸೇರಿಸಿದರು, ತಮ್ಮನಿಗೆ ತೊಂದರೆ ಆಗಲಿಲ್ಲ.

ಪ್ಲಾನ್‌ನ ಮೊದಲ ಕಂತು ಅರ್ಜಿ ಹಾಕಿದ 30 ದಿನದೊಳಗೆ ಶುರುವಾಗುತ್ತದೆ. ಪ್ಲಾನ್‌ಗೆ ಜಡ್ಜ್ ಒಪ್ಪಿಗೆ ಸಿಗುವವರೆಗೆ ಕಾಯುವ ಹಾಗಿಲ್ಲ. ಎರಡನೇ ವರ್ಷ ನನ್ನ ಸಂಬಳ ಕಡಿಮೆಯಾದಾಗ ಕಂತು ತಪ್ಪುವ ಮೊದಲೇ ಲಾಯರ್‌ಗೆ ಹೇಳಿದೆ. ಅವರು ಕೋರ್ಟಿಗೆ ಅರ್ಜಿ ಕೊಟ್ಟು ಮೊತ್ತ ಬದಲಾಯಿಸಿಕೊಟ್ಟರು.

ಈಗ 41 ಕಂತು ಮುಗಿದಿದೆ, 19 ಉಳಿದಿದೆ. ಮನೆ ಸಾಲದ ಹಳೆ ಬಾಕಿ ಹೆಚ್ಚುಕಡಿಮೆ ತೀರುತ್ತಾ ಬಂದಿದೆ. ಕಾರಿನ ಟೈಟಲ್ (ಒಡೆತನದ ಪತ್ರ) ಇನ್ನೂ ಸಾಲದವರ ಹತ್ತಿರವೇ ಇದೆ. ಪ್ಲಾನ್ ಮುಗಿದು ಡಿಸ್ಚಾರ್ಜ್ (ಉಳಿದ ಸಾಲದಿಂದ ಕೋರ್ಟು ಬಿಡುಗಡೆ ಕೊಡುವುದು) ಆದ ಮೇಲೆ ಅದು ನಮ್ಮ ಕೈಗೆ ಬರುತ್ತದೆ.